ಒಳ್ಳೆಯದಿದ್ದರೆ ಜನ ಬರ್ತಾರೆ ಎಂಬ ಸುಳ್ಳು

ಹೋದ ವರ್ಷ ಹಾಸನದಲ್ಲಿ ನೆಂಟರೊಬ್ಬರ ಮನೆಯ ಗೃಹಪ್ರವೇಶ. ಊಟಕ್ಕೆ ನನ್ನ ಪಕ್ಕ ಚಿಕ್ಕಮ್ಮನ ಮಗ ಕೂತಿದ್ದ. ಬೆಂಗಳೂರಿನಲ್ಲಿ ಹಗಲು ಕೆಲಸ, ರಾತ್ರಿ ಗಿಟಾರು. ಬಾಡಿಗೆ ರೂಮಿನ ಕಿಟಕಿಗೆ ರಗ್ಗು ಕಟ್ಟಿ, ತಾನೇ ಬರೆದ ಏಳು ಕನ್ನಡ ಹಾಡುಗಳನ್ನು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿ, ತಾನೇ ಅಂತರ್ಜಾಲಕ್ಕೆ ಏರಿಸಿದ್ದ. ಅಷ್ಟು ಮಾಡಿ ಎಂಟು ತಿಂಗಳಾಗಿತ್ತು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ನನ್ನ ಮುಖ ನೋಡದೆ, "ಯಾರೂ ಕೇಳ್ತಿಲ್ಲ ಅಣ್ಣ" ಅಂದ.

ನಾನು ದೊಡ್ಡವನಲ್ಲವೇ, ತಕ್ಷಣ ಸಮಾಧಾನ ಹೇಳಿದೆ. "ಒಳ್ಳೇದಿದ್ರೆ ಜನ ತಾವಾಗೇ ಹುಡುಕ್ಕೊಂಡು ಬರ್ತಾರೆ ಕಣೋ. ಅಮೆರಿಕದಲ್ಲಿ ಒಬ್ಬ ಹುಡುಗ ಇದ್ದ, ನಿನ್ನ ಹಾಗೇ ಒಬ್ಬನೇ ಕೂತು ಆಲ್ಬಂ ಮಾಡಿದ. ಆರೇಳು ವರ್ಷ ಹಿಡೀತು. ಈಗ ನೋಡು!" ಎಂದು ಕಾರ್ ಸೀಟ್ ಹೆಡ್‌ರೆಸ್ಟ್ ಎಂಬ ಹೆಸರನ್ನೂ ಟ್ವಿನ್ ಫ್ಯಾಂಟಸಿ ಎಂಬ ಆಲ್ಬಮ್ಮನ್ನೂ ಅವನ ಎಲೆಗೆ ಬಡಿಸಿದೆ. ಅವನು ಹೂಂಗುಟ್ಟಿದ. ಎರಡು ತಿಂಗಳಾದ ಮೇಲೆ ತನ್ನ ಏಳೂ ಹಾಡುಗಳನ್ನು ತೆಗೆದುಹಾಕಿದ.

ಆ ಏಳರಲ್ಲಿ ನಾನು ಅಲ್ಲಿಯವರೆಗೆ ಕೇಳಿದ್ದು ಒಂದೂವರೆ ಹಾಡು. ಬಸ್ಸಿನಲ್ಲಿ ಕೂತಾಗ ಒಮ್ಮೆ ಹಾಕಿದ್ದೆ, ಎರಡನೆಯದರ ಮಧ್ಯೆ ಫೋನ್ ಬಂತು, ಮತ್ತೆ ಮರಳಿ ಹೋಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಬೈಯಲಿರುವವರಲ್ಲಿ ಮೊದಲನೆಯವನು ನಾನೇ.

ನಾನು ಹೇಳಿದ ಕಥೆಯಲ್ಲಿ ಸುಳ್ಳು ಇರಲಿಲ್ಲ. ವಿಲ್ ಟೊಲೆಡೊ ಎಂಬ ವರ್ಜೀನಿಯಾದ ಹುಡುಗ 2010ರಲ್ಲಿ ಒಬ್ಬನೇ ಹಾಡು ಮಾಡಲು ಶುರುಮಾಡಿದ. ಮನೆಯಲ್ಲಿ ಎಲ್ಲರಿಗೂ ಕೇಳಿಸುವಂತೆ ಕಿರುಚಲು ಸಂಕೋಚ. ಮನೆಯವರ ಕಾರನ್ನು ಯಾವುದಾದರೂ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಕೂತು ಹಾಡುತ್ತಿದ್ದ. ಕಣ್ಣೆದುರಿಗೆ ಇದ್ದದ್ದು ಮುಂದಿನ ಸೀಟಿನ ತಲೆಯಾನಿಕೆ, ಅದೇ ಹೆಸರಾಯಿತು. ಆ ವರ್ಷ ಬಂದ ಮೊದಲ ಆಲ್ಬಂಗಳಿಗೆ ಹೆಸರು ಕೂಡ ಇಲ್ಲ, 1, 2, 3, 4 ಎಂದು ಬರೀ ಅಂಕಿ. 2011ರ ನವೆಂಬರಿನಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ, ಬ್ಯಾಂಡ್‌ಕ್ಯಾಂಪ್ ಎಂಬ ತಾಣದಲ್ಲಿ ಟ್ವಿನ್ ಫ್ಯಾಂಟಸಿ ಹಾಕಿದ. ಕಂಪನಿಯಿಲ್ಲ, ಸ್ಟುಡಿಯೋ ಇಲ್ಲ. ಮುಖಪುಟದಲ್ಲಿ ನಾಯಿಮುಖದಂಥ ಎರಡು ಆಕೃತಿಗಳು ತಬ್ಬಿಕೊಂಡಿರುವ ಒಂದು ಕೈಬರಹದ ಚಿತ್ರ.

ಹತ್ತು ಹಾಡು, ಸುಮಾರು ಒಂದು ಗಂಟೆ. ಒಬ್ಬ ಹುಡುಗ ಇನ್ನೊಬ್ಬ ಹುಡುಗನನ್ನು ಪ್ರೀತಿಸಿ, ಆ ಪ್ರೀತಿಯಲ್ಲಿ ಎಷ್ಟು ನಿಜ ಎಷ್ಟು ತಾನೇ ಕಟ್ಟಿಕೊಂಡದ್ದು ಎಂದು ತಿಳಿಯದೆ ಒದ್ದಾಡುವುದೇ ಅದರ ವಸ್ತು. ಎರಡನೆಯ ಹಾಡೇ ಹನ್ನೆರಡು ನಿಮಿಷ. ಯಾರಾದರೂ ಬುದ್ಧಿವಂತ ನಿರ್ಮಾಪಕ ಇದ್ದಿದ್ದರೆ 'ಇದನ್ನ ಕೊನೆಗೆ ಹಾಕಪ್ಪ' ಎನ್ನುತ್ತಿದ್ದ. ಧ್ವನಿ ಕೆಲವೆಡೆ ಸದ್ದಿನಲ್ಲಿ ಮುಳುಗಿಹೋಗುತ್ತದೆ, ಡ್ರಮ್ಮು ಪಕ್ಕದ ಮನೆಯಲ್ಲಿ ಯಾರೋ ಮೇಜು ಕುಟ್ಟಿದ ಹಾಗಿದೆ. 'ಬಾಡೀಸ್' ಎಂಬ ಹಾಡಿನಲ್ಲಿ ಪಲ್ಲವಿ ಬಂತೋ ಇನ್ನೂ ಇಲ್ಲವೋ ಎಂದು ಹಾಡು ತನ್ನನ್ನೇ ಕೇಳಿಕೊಳ್ಳುತ್ತದೆ. ಹೀಗೆ ಕಾಗದದಲ್ಲಿ ಬರೆದರೆ ಚೇಷ್ಟೆ ಅನಿಸುತ್ತದೆ. ಕಿವಿಯಲ್ಲಿ ಕೇಳಿದರೆ ಅದು ಗಾಬರಿಯಲ್ಲಿರುವ ಹುಡುಗನೊಬ್ಬ ಮಾತು ನಿಂತರೆ ಅಳು ಬಂದೀತು ಎಂದು ಮಾತಾಡುತ್ತಲೇ ಇರುವ ಹಾಗೆ.

ಆ ಆಲ್ಬಂ ಬಂದ ದಿನ ಜಗತ್ತು ನಿಲ್ಲಲಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳುತ್ತಾ ವರ್ಷಗಳಲ್ಲಿ ಕೇಳುಗರು ಕೂಡಿಕೊಂಡರು. ಅಷ್ಟರಲ್ಲಿ ಅವನು ಕಾಲೇಜು ಮುಗಿಸಿ, ಸಿಯಾಟಲ್‌ಗೆ ಹೋಗಿ, ಅಲ್ಲಿ ಒಂದು ತಂಡ ಕಟ್ಟಿಕೊಂಡ. 2015ರಲ್ಲಿ ಮ್ಯಾಟಡೋರ್ ಎಂಬ ನ್ಯೂಯಾರ್ಕಿನ ಕಂಪನಿ ಅವನನ್ನು ತೆಗೆದುಕೊಂಡಿತು. 2018ರ ಫೆಬ್ರವರಿಯಲ್ಲಿ ಅದೇ ಟ್ವಿನ್ ಫ್ಯಾಂಟಸಿಯನ್ನು ಪೂರ್ತಿ ತಂಡದೊಂದಿಗೆ ಮತ್ತೆ ರೆಕಾರ್ಡ್ ಮಾಡಿ ಹೊರತಂದ.

ನಾನು ಇದೆಲ್ಲ ಕೇಳಿದ್ದು ಯಾವಾಗ? 2016ರಲ್ಲಿ. ಮ್ಯಾಟಡೋರಿನ ಮೊಹರು ಬಿದ್ದು, ಪತ್ರಿಕೆಗಳೆಲ್ಲ ಹೊಗಳಿದ ಮೇಲೆ. ಐದು ವರ್ಷ ಆ ಆಲ್ಬಂ ಉಚಿತವಾಗಿ ಕೇಳಲು ಸಿಗುತ್ತಿತ್ತು, ನನಗೆ ಬೇಕಾಗಿರಲಿಲ್ಲ. ಆಮೇಲೆ ಹೋಗಿ ಕೇಳಿ, 'ನನಗೆ ಹಳೇ ಆವೃತ್ತಿನೇ ಇಷ್ಟ' ಎಂದು ಹೇಳಿಕೊಂಡು ತಿರುಗಿದೆ. ಈ ಜಾತಿಯ ಜನ ನಿಮಗೂ ಗೊತ್ತಿರುತ್ತಾರೆ.

ಕಥೆ ನಿಜ. ಅದರಿಂದ ನಾವು ತೆಗೆಯುವ ನೀತಿ ಸುಳ್ಳು. 'ನಿಧಾನವಾಗಿ ಗೆದ್ದಿತು' ಎಂಬುದನ್ನು ನಾವು ಕಲಾವಿದನ ತಾಳ್ಮೆಗೆ ಸಿಕ್ಕ ಪ್ರಶಸ್ತಿಪತ್ರದ ಹಾಗೆ ಓದುತ್ತೇವೆ. ಅದನ್ನು ಕೇಳುಗರ ಮೇಲಿನ ದೂರಿನ ಹಾಗೆ ಓದಬೇಕು. ಒಳ್ಳೆಯ ಆಲ್ಬಂ ಒಂದಕ್ಕೆ ಆರೇಳು ವರ್ಷ ಹಿಡಿಯಿತು ಎಂದರೆ ಅದರಲ್ಲಿ ಆಲ್ಬಮ್ಮಿನ ಹೆಚ್ಚುಗಾರಿಕೆ ಏನಿದೆ? ಅದು ಮೊದಲ ದಿನವೂ ಅಷ್ಟೇ ಚೆನ್ನಾಗಿತ್ತು. ತಡ ಮಾಡಿದ್ದು ನಾವು. ನಮ್ಮ ತಡವನ್ನು ಅವನ ತಪಸ್ಸು ಎಂದು ಹೆಸರಿಟ್ಟು ಕೈತೊಳೆದುಕೊಂಡಿದ್ದೇವೆ.

ಇದು ರಾಕ್ ಸಂಗೀತದವರ ಕಾಯಿಲೆ ಮಾತ್ರವೇನಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು ಎಂದು ಪ್ರತಿ ರಾಜ್ಯೋತ್ಸವದ ಭಾಷಣದಲ್ಲೂ ಕಣ್ಣು ಒದ್ದೆ ಮಾಡಿಕೊಳ್ಳುತ್ತೇವೆ. ಹೊತ್ತವರ ಬೆನ್ನಿನ ಬಗ್ಗೆ ಎಷ್ಟೊಂದು ಗೌರವ! ಹೊರೆ ಇಳಿಸಲು ಯಾರು ಬಂದರು, ಎಷ್ಟು ಮನೆಯವರು ಬಾಗಿಲು ಹಾಕಿಕೊಂಡರು ಎಂಬ ಲೆಕ್ಕ ಯಾವ ಭಾಷಣದಲ್ಲೂ ಬರುವುದಿಲ್ಲ. ಬೆನ್ನನ್ನು ಹೊಗಳುವುದಕ್ಕೆ ಖರ್ಚಿಲ್ಲ.

ಇಂಡೀ ಸಂಗೀತದ ಪುರಾಣಗಳೂ ಹೀಗೇ. ಬಾನ್ ಐವರ್ ಎಂಬ ಹೆಸರಿನಲ್ಲಿ ಹಾಡುವ ಜಸ್ಟಿನ್ ವರ್ನನ್ ಚಳಿಗಾಲವೊಂದನ್ನು ವಿಸ್ಕಾನ್ಸಿನ್ನಿನ ಕಾಡಿನ ಮನೆಯಲ್ಲಿ ಕಳೆದು ಆಲ್ಬಂ ಮಾಡಿದ, 2007ರಲ್ಲಿ ಸುಮಾರು 500 ಸಿ.ಡಿ. ತಾನೇ ಹೊರತಂದ, ಮರುವರ್ಷ ಕಂಪನಿಯೊಂದು ಅದನ್ನು ಮತ್ತೆ ತಂದಿತು. ಆ ಆಲ್ಬಂ ಕೇಳದವರಿಗೂ ಆ ಕಾಡಿನ ಮನೆ ಗೊತ್ತು. ಟೊಲೆಡೊನ ವಿಷಯದಲ್ಲಿ ಕಾರಿನ ಹಿಂದಿನ ಸೀಟು. ಕಷ್ಟ ನೋಡಲು ಚೆನ್ನಾಗಿರಬೇಕು, ಒಂದು ಚಿತ್ರದಲ್ಲಿ ಹಿಡಿಸಬೇಕು. ನನ್ನ ತಮ್ಮನ ಕಿಟಕಿಯ ರಗ್ಗು ಈ ಪಟ್ಟಿಗೆ ಸೇರಬೇಕಾದರೆ ಅವನು ಮೊದಲು ಗೆಲ್ಲಬೇಕು. ಗೆಲ್ಲದಿದ್ದರೆ ಅದು ಬರೀ ರಗ್ಗು.

ಹಾಗಾದರೆ ಟ್ವಿನ್ ಫ್ಯಾಂಟಸಿಗೆ ಜನ ಬಂದದ್ದು ಹೇಗೆ? ತಾನಾಗಿ ಅಲ್ಲ. ಕೆಲಸ ಮಾಡಿದವರು ಇದ್ದರು.

ಮೊದಲನೆಯ ಕೆಲಸ ಅವನದೇ. 2010ರಿಂದ 2014ರ ಒಳಗೆ ಹತ್ತಕ್ಕೂ ಹೆಚ್ಚು ಬಿಡುಗಡೆಗಳು. ಅದರಲ್ಲಿ 2013ರದ್ದು ಒಂದು ಎರಡು ಗಂಟೆಯಷ್ಟು ಉದ್ದ. ಟ್ವಿನ್ ಫ್ಯಾಂಟಸಿ ಕೇಳಿ ಇಷ್ಟಪಟ್ಟವನಿಗೆ ಮುಂದೆ ಕೇಳಲು ಒಂದು ಕಪಾಟೇ ಇತ್ತು. ಮತ್ತೆ ಆ ಕಪಾಟಿನಿಂದ ಯಾವುದನ್ನೂ ಯಾರೂ ಕಿತ್ತುಹಾಕಲಿಲ್ಲ. ಬ್ಯಾಂಡ್‌ಕ್ಯಾಂಪಿನಲ್ಲಿ ಪುಟ ಇಟ್ಟುಕೊಳ್ಳಲು ಬಾಡಿಗೆ ಇರಲಿಲ್ಲ. ಬೆಲೆ ಕಲಾವಿದನೇ ಇಡಬಹುದು, 'ನಿಮಗೆ ತೋಚಿದಷ್ಟು ಕೊಡಿ' ಎಂದೂ ಬಿಡಬಹುದು. ಮಾರಾಟವಾದರೆ ಡಿಜಿಟಲ್ ಆಲ್ಬಮ್ಮಿನ ಹಣದಲ್ಲಿ ತಾಣ ಶೇಕಡ 15 ಇಟ್ಟುಕೊಳ್ಳುತ್ತಿತ್ತು. ಕೊಂಡವರ ಪುಟ್ಟ ಪುಟ್ಟ ಚಿತ್ರಗಳು ಆಲ್ಬಮ್ಮಿನ ಪಕ್ಕದಲ್ಲೇ ಸಾಲಾಗಿ ಕೂರುತ್ತವೆ. ಸಣ್ಣ ವಿಷಯ ಅನಿಸಬಹುದು. ಆದರೆ ಹತ್ತು ಮುಖ ಕಂಡರೆ ಹನ್ನೊಂದನೆಯವನಿಗೆ ಧೈರ್ಯ ಬರುತ್ತದೆ, ಹಾಡಿದವನಿಗೂ ತಾನು ಗೋಡೆಗೆ ಹಾಡುತ್ತಿಲ್ಲ ಎಂದು ಗೊತ್ತಾಗುತ್ತದೆ.

ಎರಡನೆಯ ಕೆಲಸ ಹೆಸರಿಲ್ಲದ ಕೇಳುಗರದು. ನನಗೆ ಈ ಜನರ ಬಗ್ಗೆ ಟೊಲೆಡೊನಷ್ಟೇ ಕುತೂಹಲ. ಮುಳುಗಿದ ಧ್ವನಿಯಿಂದ ಸಾಲುಗಳನ್ನು ಹೆಕ್ಕಿ ಬರೆದವರು, ಒಂದು ಹಾಡಿನ ಮಾತು ಇನ್ನೊಂದು ಹಾಡಿನಲ್ಲಿ ತಿರುಗಿ ಬಂದದ್ದನ್ನು ಗುರುತಿಸಿದವರು, ಹನ್ನೆರಡು ನಿಮಿಷದ ಹಾಡನ್ನು ಗೆಳತಿಗೆ ಕಳಿಸಿ 'ಪೂರ್ತಿ ಕೇಳು, ಮಧ್ಯೆ ನಿಲ್ಲಿಸಬೇಡ' ಎಂದು ಪೀಡಿಸಿದವರು. ಇವರಲ್ಲಿ ಬಹುಪಾಲು ಅವನ ವಯಸ್ಸಿನವರು, ತಮ್ಮ ಪ್ರೀತಿಯನ್ನು ಮನೆಯಲ್ಲಿ ಹೇಳಲಾಗದೆ ಇದ್ದವರೂ ಅವರಲ್ಲಿ ಎಷ್ಟೋ ಜನ ಇದ್ದಿರಬೇಕು. ಅವರಿಗೆ ಆ ಆಲ್ಬಂ ಬೇಕಿತ್ತು. ಅದಕ್ಕೇ ಹೊತ್ತರು. 'ಜನ ತಾವಾಗೇ ಬಂದರು' ಎಂದಾಗ ನಾವು ಅಳಿಸಿಹಾಕುವುದು ಇವರನ್ನು.

ಇಲ್ಲಿ ನನ್ನ ಗೆಳೆಯನೊಬ್ಬನ ಆಕ್ಷೇಪ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಅವನು ಹೇಳುವುದು: "ಯಾರೂ ನೋಡದೇ ಇದ್ದದ್ದೇ ಒಳ್ಳೇದಾಯ್ತು ಮಾರಾಯ. ಹತ್ತೊಂಬತ್ತಕ್ಕೇ ಎಲ್ಲರೂ ಹೊಗಳಿದ್ರೆ ಅವನು ಆ ಹನ್ನೆರಡು ನಿಮಿಷದ ಹಾಡು ಬರೀತಾನೇ ಇರಲಿಲ್ಲ." ಇದರಲ್ಲಿ ಸತ್ಯವಿದೆ. ಕಂಪನಿ ಸೇರಿದ ಮೇಲೆ ಏನಾಗುತ್ತದೆ ಎಂಬುದಕ್ಕೆ 2016ರ ಒಂದು ಪ್ರಸಂಗವೇ ಸಾಕ್ಷಿ. ಟೀನ್ಸ್ ಆಫ್ ಡಿನೈಯಲ್ ಎಂಬ ಆಲ್ಬಮ್ಮಿನ ಒಂದು ಹಾಡಿನಲ್ಲಿ 'ದ ಕಾರ್ಸ್' ತಂಡದ ಹಳೆಯ ಹಾಡಿನ ತುಣುಕು ಬಳಸಿಕೊಂಡಿದ್ದ. ಅದನ್ನು ಬರೆದ ರಿಕ್ ಒಕಾಸೆಕ್ ಕೊನೆಗಳಿಗೆಯಲ್ಲಿ ಒಪ್ಪಿಗೆಯಿಲ್ಲ ಎಂದರು. ಅಚ್ಚಾಗಿದ್ದ ಪ್ರತಿಗಳನ್ನೆಲ್ಲ ಹಿಂದಕ್ಕೆ ತರಿಸಿ ನಾಶ ಮಾಡಬೇಕಾಯಿತು. ಟೊಲೆಡೊ ಅವಸರದಲ್ಲಿ ಆ ಹಾಡನ್ನು ಬೇರೆ ರೀತಿ ಮಾಡಿಕೊಟ್ಟ. ಒಬ್ಬನೇ ಇದ್ದ ಕಾಲದಲ್ಲಾಗಿದ್ದರೆ ರಾತ್ರಿ ಒಂದು ಫೈಲ್ ಬದಲಾಯಿಸಿ ಮಲಗುತ್ತಿದ್ದ.

ಆದ್ದರಿಂದ ಸಣ್ಣ ಕೇಳುಗ ವರ್ಗ ಸ್ವಾತಂತ್ರ್ಯ ಕೊಡುತ್ತದೆ, ಒಪ್ಪುತ್ತೇನೆ. ಆದರೆ ಸಣ್ಣದು ಬೇರೆ, ಸೊನ್ನೆ ಬೇರೆ. ಮೂವತ್ತು ಜನ ಗಮನವಿಟ್ಟು ಕೇಳಿದರೆ ಹತ್ತೊಂಬತ್ತರ ಹುಡುಗ ಮುಂದಿನ ಆಲ್ಬಂ ಮಾಡುತ್ತಾನೆ. ಯಾರೂ ಕೇಳದಿದ್ದರೆ ಎಂಟು ತಿಂಗಳಿಗೆ ಮುಚ್ಚುತ್ತಾನೆ. ನನ್ನ ಗೆಳೆಯ ಹೊಗಳುತ್ತಿರುವ ಏಕಾಂತ ಸೊನ್ನೆಯದಲ್ಲ, ಮೂವತ್ತರದು. ಸೊನ್ನೆಯ ಏಕಾಂತದಲ್ಲಿ ಮುಳುಗಿಹೋದವರ ಆಲ್ಬಮ್ಮಿನ ಹೆಸರು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾವು ಸಾಕ್ಷಿಗೆ ಕರೆಯುವುದು ದಡ ಸೇರಿದವರನ್ನು ಮಾತ್ರ.

ಇನ್ನೊಂದು ವಾದ ಇನ್ನೂ ನಾಜೂಕಾದದ್ದು. 'ಅವನೇ 2018ರಲ್ಲಿ ಅದನ್ನ ಮತ್ತೆ ಮಾಡಿದನಲ್ಲ, ಅಂದರೆ ಹಳೆಯದು ಕಚ್ಚಾ ಅಂತ ಅವನೇ ಒಪ್ಪಿದ ಹಾಗಾಯಿತು. ಮೊದಲೇ ಚೆನ್ನಾಗಿ ಮಾಡಿದ್ದರೆ ಜನ ಮೊದಲೇ ಬರ್ತಿದ್ದರು.' ಈ ಮಾತನ್ನು ನಮ್ಮಲ್ಲಿ ತುಸು ಬೇರೆ ರೀತಿಯಲ್ಲಿ ಪ್ರತಿ ಹೊಸ ಹಾಡುಗಾರನೂ ಕೇಳಿಸಿಕೊಂಡಿರುತ್ತಾನೆ: ರೆಕಾರ್ಡಿಂಗ್ ಸರಿಯಿಲ್ಲ, ಮಿಕ್ಸಿಂಗ್ ಮಾಡಿಸು, ಒಳ್ಳೆ ಸ್ಟುಡಿಯೋಗೆ ಹೋಗು, ಆಮೇಲೆ ಕೇಳ್ತೀವಿ. ಕಿವಿಗೆ ಸಿನಿಮಾ ಹಾಡಿನ ಹೊಳಪು ಅಭ್ಯಾಸವಾಗಿದೆ, ಆ ಹೊಳಪು ಇಲ್ಲದ್ದನ್ನು ಅದು ಹಾಡೆಂದೇ ಒಪ್ಪುವುದಿಲ್ಲ.

ಹೌದು, ಹಳೆಯದು ಮುಗಿದಿರಲಿಲ್ಲ ಎಂಬ ಅರ್ಥದ ಮಾತನ್ನು ಟೊಲೆಡೊನೇ ಹೇಳಿದ್ದಾನೆ. ಹೊಸದರಲ್ಲಿ ಡ್ರಮ್ಮು ಡ್ರಮ್ಮಿನ ಹಾಗಿದೆ, ಧ್ವನಿ ಸ್ಪಷ್ಟ. ಹತ್ತು ನಿಮಿಷವಿದ್ದ ಒಂದು ಹಾಡು ಹದಿನಾರಕ್ಕೆ ಬೆಳೆದಿದೆ! ಚೆನ್ನಾಗಿ ಮಾಡುವುದೆಂದರೆ ಚಿಕ್ಕದು ಮಾಡುವುದು ಎಂದುಕೊಂಡವರಿಗೆ ಅಲ್ಲೇ ಉತ್ತರವಿದೆ. ಕೆಲವು ಮಾತುಗಳನ್ನೂ ಬದಲಿಸಿದ. ಹತ್ತೊಂಬತ್ತರಲ್ಲಿ ಹೇಳಿದ್ದನ್ನು ಇಪ್ಪತ್ತೈದರಲ್ಲಿ ಹಾಗೇ ಹೇಳಲಾರ ಎನ್ನುವುದು ಕೇಳಿದರೆ ತಿಳಿಯುತ್ತದೆ. ಆದರೆ ಹಳೆಯದನ್ನು ಅಳಿಸಲಿಲ್ಲ. ಎರಡಕ್ಕೂ ಬೇರೆ ಬೇರೆ ಉಪನಾಮ ಕೊಟ್ಟ, ಹೊಸದು 'ಮುಖಾಮುಖಿ', ಹಳೆಯದು 'ಕನ್ನಡಿಗೆ ಕನ್ನಡಿ' ಎಂಬ ಅರ್ಥ ಬರುವಂತೆ. ಅದೇ 2018ರಲ್ಲಿ ಹಳೆಯದನ್ನು ವಿನೈಲ್ ತಟ್ಟೆಯಾಗಿಯೂ ತಂದ. ಕಚ್ಚಾ ಎಂದು ಎಸೆಯಬೇಕಾದದ್ದನ್ನು ಯಾರೂ ತಟ್ಟೆಗೆ ಅಚ್ಚು ಹಾಕಿಸುವುದಿಲ್ಲ.

ಇಷ್ಟಕ್ಕೂ ಆ ಹೊಸ ರೆಕಾರ್ಡಿಂಗಿಗೆ ಹಣ ಬಂದದ್ದು ಎಲ್ಲಿಂದ? ಹಳೆಯ ಮುಳುಗಿದ ಧ್ವನಿಯನ್ನು ಕಿವಿಯಾನಿಸಿ ಕೇಳಿದವರು ಇದ್ದರು ಎಂಬುದರಿಂದ. ಮೊದಲು ಹೊಳಪು ತಾ, ಆಮೇಲೆ ಕೇಳುತ್ತೇವೆ ಎಂದು ಅವರೂ ಕೂತಿದ್ದರೆ ಹೊಳಪೂ ಇರುತ್ತಿರಲಿಲ್ಲ.

ಹಳೆಯದೇ ಇಷ್ಟ ಎಂದು ಜಂಭ ಕೊಚ್ಚಿಕೊಳ್ಳುತ್ತಿದ್ದೆ ಎಂದೆನಲ್ಲ. ನಿಜ ಹೇಳಬೇಕೆಂದರೆ ಈಚೆಗೆ ನಾನು ಹೆಚ್ಚು ಕೇಳುವುದು ಹೊಸದನ್ನೇ. ಹಳೆಯದನ್ನು ವರ್ಷಕ್ಕೆ ಒಂದೋ ಎರಡೋ ಸಲ, ರಾತ್ರಿ ಹೊತ್ತು.

ಈಗ ಕಾಲ ಇನ್ನೂ ಕೆಟ್ಟಿದೆ, ಅದಕ್ಕೇ ನನ್ನ ಸಿಟ್ಟು. ಟ್ವಿನ್ ಫ್ಯಾಂಟಸಿ ಬೆಳೆದ ನೆಲವೇ ಈಗ ಹಾಗೆ ಉಳಿದಿಲ್ಲ. ಬ್ಯಾಂಡ್‌ಕ್ಯಾಂಪನ್ನು 2022ರಲ್ಲಿ ಎಪಿಕ್ ಗೇಮ್ಸ್ ಎಂಬ ವಿಡಿಯೋ ಗೇಮ್ ಕಂಪನಿ ಕೊಂಡಿತು, ಒಂದೂವರೆ ವರ್ಷಕ್ಕೆ ಸಾಂಗ್‌ಟ್ರೇಡರ್ ಎಂಬ ಇನ್ನೊಂದಕ್ಕೆ ಮಾರಿತು. ಆ ಕೈಬದಲಿನಲ್ಲಿ ಸುಮಾರು ಅರ್ಧದಷ್ಟು ನೌಕರರು ಕೆಲಸ ಕಳೆದುಕೊಂಡರು. ತಾಣ ನಡೆಯುತ್ತಿದೆ, ಆದರೆ ಅಂಗಡಿಯನ್ನು ಎರಡು ಸಲ ಕೈಬದಲಾಯಿಸಿದ ಮೇಲೆ ಅದರ ಅಟ್ಟದ ಮೇಲಿಟ್ಟ ನಿಮ್ಮ ಗಂಟಿನ ಬಗ್ಗೆ ನೀವು ನಿಶ್ಚಿಂತೆಯಿಂದ ಇರಲಾರಿರಿ.

ಎಲ್ಲರೂ ಕೇಳುವ ಸ್ಪಾಟಿಫೈನ ಲೆಕ್ಕ ಇನ್ನೂ ನೇರ. 2024ರಿಂದ ಅಲ್ಲಿ ಒಂದು ನಿಯಮ ಬಂದಿದೆ: ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ಹಾಡನ್ನು ಕನಿಷ್ಠ 1000 ಸಲ ಕೇಳಿರದಿದ್ದರೆ ಆ ರೆಕಾರ್ಡಿಂಗಿಗೆ ರಾಯಲ್ಟಿಯೇ ಇಲ್ಲ. ಆ ಹಣ ಕಂಪನಿಗೆ ಹೋಗುವುದಿಲ್ಲ ಎಂದು ಅವರು ಹೇಳುತ್ತಾರೆ. ಸರಿ, ಹೋಗುವುದು ಎಲ್ಲಿಗೆ? ಸಾವಿರ ದಾಟಿದವರಿಗೆ ಹಂಚಲು. ಅಂದರೆ ಸಂತೆಗೆ ಒಂದು ಕಟ್ಟು ಸೊಪ್ಪು ತಂದ ಮುದುಕಿಯ ದುಡ್ಡನ್ನು ಮಂಡಿಯವನ ಗಲ್ಲಾಪೆಟ್ಟಿಗೆಗೆ ಹಾಕಿದ ಹಾಗೆ. ಆ ದುಡ್ಡು ಒಬ್ಬೊಬ್ಬರದು ಪುಡಿಗಾಸೇ ಇರಬಹುದು, ಬ್ಯಾಂಕಿಗೆ ಮುಟ್ಟುವಷ್ಟರಲ್ಲಿ ಶುಲ್ಕಕ್ಕೇ ಸರಿಹೋಗುತ್ತಿತ್ತು ಎಂಬ ಅವರ ಸಮರ್ಥನೆಯೂ ಸುಳ್ಳಲ್ಲ. ಆದರೆ ಅದು ಪುಡಿಗಾಸು ಎಂದು ತೀರ್ಮಾನಿಸಬೇಕಾದವನು ಹಾಡಿದವನು. ಮೂವತ್ತು ಜನ ವರ್ಷಕ್ಕೆ ಇಪ್ಪತ್ತು ಸಲ ಕೇಳಿದರೂ ಆರುನೂರೇ ಆಗುತ್ತದೆ. ಇಂಥ ಮೂವತ್ತು ಜನ ಸಿಕ್ಕಿದರೆ ನನ್ನ ತಮ್ಮ ಗಿಟಾರಿನ ಜೊತೆ ರಗ್ಗನ್ನೂ ಹಿಡಿದು ಕುಣಿಯುತ್ತಿದ್ದ. ಆ ಕಂಪನಿಯ ಪುಸ್ತಕದಲ್ಲಿ ಅವನು ಇಲ್ಲವೇ ಇಲ್ಲ.

ನಿಧಾನವಾಗಿ ಬೆಳೆಯುವುದಕ್ಕೆ ಹೀಗೆ ದಂಡ ಹಾಕುವ ಕಾಲದಲ್ಲಿ ಕೂತು, ನಿಧಾನವಾಗಿ ಬೆಳೆದವರ ಕಥೆಯನ್ನು ಹುಡುಗರಿಗೆ ಸ್ಫೂರ್ತಿ ಎಂದು ಹಂಚುವುದು ಎಂಥ ನಾಚಿಕೆಗೇಡು. ಅದನ್ನೇ ನಾನು ಹೋಳಿಗೆ ಊಟದಲ್ಲಿ ಮಾಡಿದ್ದು. 'ಕಾಯಿ, ಬರ್ತಾರೆ' ಎಂದು ಹೇಳುವವನು ತಾನು ಬರುವ ಯೋಚನೆಯಲ್ಲಿರುವುದಿಲ್ಲ. ಇನ್ಯಾರೋ ಬರುತ್ತಾರೆ ಎಂದು ಭರವಸೆ ಕೊಡುತ್ತಿರುತ್ತಾನೆ. ಆ ದಿನ ನಾನು ಹೇಳಬಹುದಾಗಿದ್ದ ಪ್ರಾಮಾಣಿಕ ಮಾತು ಒಂದೇ: 'ನಾನೂ ಕೇಳಿಲ್ಲ ಕಣೋ.' ಅದನ್ನು ಹೇಳುವ ಬದಲು ಅಮೆರಿಕಕ್ಕೆ ಹೋದೆ.

ಯಾರೋ ಕೇಳಬಹುದು, ಹಾಗಾದರೆ ಅಂತರ್ಜಾಲದಲ್ಲಿ ದಿನಾ ಬರುವ ಹಾಡನ್ನೆಲ್ಲ ಕೇಳಿಕೊಂಡು ಕೂರಬೇಕಾ ಎಂದು. ಬೇಡ. ಯಾರಿಗೂ ಸಾಧ್ಯವಿಲ್ಲ, ಅದರಲ್ಲಿ ಮುಕ್ಕಾಲು ಪಾಲು ಕೇಳುವ ಹಾಗೂ ಇರುವುದಿಲ್ಲ. ನಾನು ಹೇಳುತ್ತಿರುವುದು ಲೋಕದ ಎಲ್ಲರ ಬಗ್ಗೆ ಅಲ್ಲ. ನಿಮ್ಮ ಬಳಗದಲ್ಲಿ, ಆಫೀಸಿನಲ್ಲಿ, ಬೀದಿಯಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಅವರು ಲಿಂಕ್ ಕಳಿಸಿರುತ್ತಾರೆ, ನೀವು ಹೆಬ್ಬೆರಳು ಎತ್ತಿದ ಚಿತ್ರ ಹಾಕಿರುತ್ತೀರಿ. ಆ ಹೆಬ್ಬೆರಳಿನ ಬದಲು ನಲವತ್ತು ನಿಮಿಷ ಕೊಟ್ಟು, ಮೂರನೆಯ ಹಾಡು ಹಿಡಿಸಲಿಲ್ಲ ಎಂದು ಹೇಳಿದರೂ ಸಾಕು. ನೂರು ರೂಪಾಯಿ ಕೊಟ್ಟು ಕೊಂಡರೆ ಇನ್ನೂ ವಾಸಿ. ಕಾಫಿಗೆ ಕೊಡುತ್ತೀರಲ್ಲ.

ಈ ಬರಹ ಶುರುಮಾಡುವ ಮೊದಲು ತಮ್ಮನಿಗೆ ಫೋನ್ ಮಾಡಿ ಆ ಏಳು ಹಾಡು ಕಳಿಸು ಎಂದೆ. "ಯಾಕಣ್ಣ ಈಗ?" ಅಂದ. ಕೇಳಿರಲಿಲ್ಲ ಎಂದು ಒಪ್ಪಿಕೊಂಡೆ. "ಗೊತ್ತಿತ್ತು ಬಿಡಿ" ಅಂದ. ಹಾರ್ಡ್ ಡಿಸ್ಕ್ ಚಿಕ್ಕಮ್ಮನ ಮನೆಯಲ್ಲಿತ್ತಂತೆ, ಕಳಿಸಲು ಹದಿನೈದು ದಿನ ತೆಗೆದುಕೊಂಡ. ಎರಡು ಸಲ ಪೂರ್ತಿ ಕೇಳಿದೆ. ಐದನೆಯ ಹಾಡು ಚೆನ್ನಾಗಿದೆ, ಬಹಳ ಚೆನ್ನಾಗಿದೆ. ಮೂರನೆಯದು ಎಳೆದಾಡುತ್ತದೆ, ಕೊನೆಯ ಎರಡು ನಿಮಿಷ ಬೇಕಿರಲಿಲ್ಲ. ಹಾಗೆಂದು ಒಂದು ಪುಟ ಬರೆದು ಕಳಿಸಿದೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ಆ ಎರಡು ನಿಮಿಷಕ್ಕಾಗಿಯೇ ಹಾಡು ಬರೆದದ್ದು, ನನಗೆ ಅರ್ಥವಾಗಿಲ್ಲ ಎಂದು ಅರ್ಧ ಗಂಟೆ ಜಗಳವಾಡಿದ.